ಅಷ್ಟೊಂದಾ?

ನನಗೆ ಹಳೇ ವಾಚಿನ ಹುಚ್ಚು ಹಿಡಿಸಿದ್ದು ಡಾನ್ ಡ್ರೇಪರ್. ‘ಮ್ಯಾಡ್ ಮೆನ್’ ಸೀರಿಯಲ್ ನೋಡಿದವರಿಗೆ ಅವನ ಪರಿಚಯ ಬೇಡ. ನೋಡದವರಿಗೆ ಎರಡು ಮಾತು: ಅರವತ್ತರ ದಶಕದ ನ್ಯೂಯಾರ್ಕ್, ಒಂದು ಜಾಹೀರಾತು ಕಂಪನಿ, ಅಲ್ಲೊಬ್ಬ ಗರಿಗರಿ ಸೂಟಿನ ಚೆಂದದ ಗಂಡಸು. ಐದನೇ ಸೀಸನ್ನಿನಿಂದ ಅವನ ಕೈಯಲ್ಲಿ ಕಪ್ಪು ಡಯಲಿನ ಒಂದು ಒಮೆಗಾ ಸೀಮಾಸ್ಟರ್ ಡಿ ವಿಲ್ ಇರುತ್ತೆ. ಅವನು ಸಿಗರೇಟು ಹಚ್ಚಿಸುವಾಗ ಶರ್ಟಿನ ತೋಳಿನ ಕೆಳಗಿಂದ ಅದು ಇಣುಕುತ್ತೆ. ಲಾಕ್‌ಡೌನಿನಲ್ಲಿ ವಿಜಯನಗರದ ನಮ್ಮ ಮನೆಯ ಎರಡನೇ ಮಹಡಿಯಲ್ಲಿ, ಬನಿಯನ್ ಹಾಕಿಕೊಂಡು ಸ್ಕ್ರಮ್ ಕಾಲ್ ಮುಗಿಸಿ, ಅದನ್ನು ಪಾಸ್ ಮಾಡಿ ಮಾಡಿ ನೋಡ್ತಿದ್ದೆ. ಸಿಗರೇಟು ನನಗೆ ಆಗಲ್ಲ, ಸೂಟು ಹಾಕಿದರೆ ಆರ್ಕೆಸ್ಟ್ರಾದವನ ಥರ ಕಾಣ್ತೀನಿ. ಉಳಿದದ್ದು ವಾಚು ಒಂದೇ.

ಇನ್ನೊಂದು ವಿಷಯ ಹೇಳಬೇಕು, ಆಮೇಲೆ ಬೇಕಾಗುತ್ತೆ. ಡಾನ್ ಡ್ರೇಪರ್ ಅವನ ನಿಜವಾದ ಹೆಸರಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ ತನ್ನ ಅಧಿಕಾರಿಯ ಗುರುತನ್ನು ಇವನು ತನ್ನದು ಮಾಡಿಕೊಂಡಿರುತ್ತಾನೆ. ಇಡೀ ಸೀರಿಯಲ್ ಅವನು ಬದುಕೋದು ಇನ್ನೊಬ್ಬರ ಹೆಸರಿನಲ್ಲಿ.

ಒಮೆಗಾ ರೇಟು ನೋಡಿ ಮೊದಲ ದಿನವೇ ಬ್ರೌಸರ್ ಮುಚ್ಚಿದೆ. ಇಎಂಐ ಇರುವ ಮನುಷ್ಯ ನಾನು. ಆದರೆ ಹುಚ್ಚು ಹೋಗಲಿಲ್ಲ, ನಮ್ಮೂರಿನ ಕಡೆ ತಿರುಗಿತು. ಪಶ್ಚಿಮ ಬೆಂಗಳೂರಿನವರಿಗೆ ವಾಚು ಅಂದರೆ ಸ್ವಿಟ್ಜರ್ಲೆಂಡ್ ಯಾಕೆ ಬೇಕು, ಪಕ್ಕದ ಜಾಲಹಳ್ಳಿ ಇದೆಯಲ್ಲ. ಎಚ್‌ಎಂಟಿ 1953ರಲ್ಲಿ ಅಲ್ಲಿ ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆಯಾಗಿ ಶುರುವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಕೈಜೋಡಿಸಿ ವಾಚು ಮಾಡೋಕೆ ಕೂತರು. ಜನತಾ, ಪೈಲಟ್, ಕೊಹಿನೂರ್, ಕಾಂಚನ್, ಸೋನಾ, ಹೆಂಗಸರಿಗೆ ಸುಜಾತ. ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ, ಕೆಲಸ ಸಿಕ್ಕರೆ ಎಚ್‌ಎಂಟಿ, ರಿಟೈರ್ ಆದರೆ ಎಚ್‌ಎಂಟಿ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ವಾಚಿಗೆ ಕೀ ಕೊಡುವ ಅಪ್ಪಂದಿರನ್ನು ನೋಡಿಕೊಂಡು ಬೆಳೆದವರು ನಾವು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಅದು ಗಾಡ್ರೆಜ್ ಬೀರುವಿನ ಒಳ ಡ್ರಾದಿಂದ ಎದ್ದು ‘ವಿಂಟೇಜ್’ ಆಯಿತು.

ಭಾನುವಾರ ಬೆಳಿಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋಗೋಕೆ ಶುರು ಮಾಡಿದೆ. ಟಾರ್ಪಾಲಿನ ಮೇಲೆ ರೇಡಿಯೋ, ಇಕ್ಕಳ, ಒಂಟಿ ಶೂ, ಮಧ್ಯೆ ಒಂದು ಬಾಣಲೆ ತುಂಬ ವಾಚು. ಅಲ್ಲೇ ನನ್ನ ಮೊದಲ ಪೈಲಟ್ ಸಿಕ್ಕಿದ್ದು. ಕಪ್ಪು ಡಯಲು, ದಪ್ಪ ಬಿಳಿ ಅಂಕಿಗಳು, ಹೊಸದರ ಹಾಗೆ ಹೊಳೀತಿತ್ತು. ‘ಒರಿಜಿನಲ್ ಪೀಸ್ ಸಾರ್, ಯಾರೋ ಕಟ್ಟದೇ ಇಟ್ಟಿದ್ರು’ ಅಂದ. ಎರಡೂವರೆ ಸಾವಿರ ಕೊಟ್ಟೆ. ಮನೆಗೆ ಬಂದು ಲೆನ್ಸ್ ಇಟ್ಟು ನೋಡಿದರೆ ಅಕ್ಷರಗಳು ದಪ್ಪ ದಪ್ಪ, ನಿಮಿಷದ ಗೆರೆಗಳು ಹನ್ನೆರಡರ ಹತ್ತಿರ ಒಂದು ಕೂದಲಿನಷ್ಟು ವಾರೆ. ಡಯಲಿಗೆ ಮತ್ತೆ ಬಣ್ಣ ಹೊಡೆದ ಮಾಲು. ನಮ್ಮ ಸಂಗ್ರಾಹಕರ ಭಾಷೆಯಲ್ಲಿ ಇದಕ್ಕೆ ‘ಮುಂಬೈ ಸ್ಪೆಷಲ್’ ಅಂತಾರೆ. ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಮುಂದಿನ ಭಾನುವಾರ ಹೋಗಿ ಜಗಳ ಆಡಿದೆ. ‘ಗೊತ್ತಿದ್ದೂ ಹೇಳಲಿಲ್ಲವಲ್ರೀ ನೀವು, ಇದು ಮೋಸ ತಾನೇ?’ ಅಂದೆ. ಆ ಮನುಷ್ಯ ತಣ್ಣಗೆ, ‘ನೀವು ಕೇಳಿದ್ರಾ ಸಾರ್ ಬಣ್ಣ ಹೊಡ್ದಿದೀಯಾ ಅಂತ?’ ಅಂದ.

ಈ ಜಗಳವನ್ನು ನೆನಪಿಟ್ಟುಕೊಳ್ಳಿ. ಅವತ್ತು ನ್ಯಾಯ ಎಲ್ಲಾ ನನ್ನ ಕಡೆಗಿತ್ತು.

ಆಮೇಲೆ ನಾನು ಕಲಿತೆ. ಎರಡು ಮೂರು ವರ್ಷದಲ್ಲಿ ಡಯಲು ನೋಡಿದ ತಕ್ಷಣ ಬಣ್ಣ ಹೊಡೆದದ್ದೋ ಅಲ್ಲವೋ ಹೇಳುವಷ್ಟು, ಮುಳ್ಳು ಬದಲಾಯಿಸಿದ್ದಾರಾ, ಒಂದರ ಮಷೀನು ಇನ್ನೊಂದರ ಕೇಸಿಗೆ ಹಾಕಿದ್ದಾರಾ ಅಂತ ಕಂಡುಹಿಡಿಯುವಷ್ಟು. ಅಮ್ಮ ತನ್ನ ಭಜನೆ ಬಳಗದಲ್ಲೆಲ್ಲಾ ‘ನನ್ನ ಮಗನಿಗೆ ಹಳೇ ವಾಚಿನ ಹುಚ್ಚು’ ಅಂತ ಹೇಳಿಕೊಂಡು ಬಂದಳು. ಅವಳಿಗೆ ಅದು ದೂರು. ಆದರೆ ಅದರಿಂದಲೇ ಒಂದು ದಿನ ಫೋನು ಬಂತು.

ರಾಜಾಜಿನಗರದಲ್ಲಿ ಅವರದ್ದು ಹಳೇ ಮನೆ. ಕೆಂಪು ನೆಲ, ಮುಂದೆ ಒಂದು ಪಾರಿಜಾತ, ಪಕ್ಕದ ಎರಡೂ ಸೈಟಿನಲ್ಲಿ ಆಗಲೇ ನಾಲ್ಕು ನಾಲ್ಕು ಫ್ಲೋರು ಎದ್ದು ಹಾಲಿಗೆ ಬೆಳಕೇ ಇರಲಿಲ್ಲ. ಮನೆಯನ್ನು ಬಿಲ್ಡರಿಗೆ ಕೊಟ್ಟಿದ್ದರು. ಆಂಟಿ ಕೆಂಗೇರಿ ಉಪನಗರದಲ್ಲಿರೋ ಮಗಳ ಫ್ಲಾಟಿಗೆ ಹೋಗೋರು. ಅಂಕಲ್ ತೀರಿಹೋಗಿ ಮೂರು ವರ್ಷ ಆಗಿತ್ತು. ‘ಎಲ್ಲಾ ಖಾಲಿ ಮಾಡಬೇಕು ಕಣಪ್ಪ, ಅಲ್ಲಿ ಎರಡು ಬೆಡ್‌ರೂಮು. ಇದನ್ನ ಗುಜರಿಗೆ ಹಾಕೋಕೆ ಮನಸಾಗಲಿಲ್ಲ’ ಅಂತ ಒಂದು ಪಾರ್ಲೆ ಡಬ್ಬಿ ತಂದು ಮುಂದಿಟ್ಟರು. ತೆಗೆದೆ. ಎರಡು ಜನತಾ, ಒಂದು ಕೊಹಿನೂರ್, ಸ್ಟ್ರಾಪು ಕಿತ್ತ ಒಂದು ಪುಟ್ಟ ಸುಜಾತ. ತಳದಲ್ಲಿ, ಮುತ್ತೂಟ್‌ನವರು ಒಡವೆಗೆ ಕೊಡ್ತಾರಲ್ಲ ಅಂಥ ಒಂದು ಚೀಲದೊಳಗೆ, ಮಾಸಿದ ಕೆನೆ ಬಣ್ಣದ ಡಯಲಿನ ಒಮೆಗಾ ಸೀಮಾಸ್ಟರ್. ತಿರುಗಿಸಿದೆ. ಬೆನ್ನಿನ ಮೇಲೆ ಅರ್ಧ ಸವೆದ ಕಡಲಕುದುರೆ. ಅರವತ್ತರ ದಶಕದ್ದು. ಬಣ್ಣ ಹೊಡೆದಿರಲಿಲ್ಲ. ಡಾನ್ ಡ್ರೇಪರನದ್ದೇ ಮಾಡೆಲ್ ಅಲ್ಲ, ಆದರೆ ಅದರ ದಾಯಾದಿ.

ನನ್ನ ಕಿವಿ ಬಿಸಿಯಾಯಿತು. ಅದನ್ನು ಕೆಳಗಿಟ್ಟು, ಬೇಕಂತಲೇ, ಒಂದು ಜನತಾ ಎತ್ತಿಕೊಂಡು ಕೀ ಕೊಟ್ಟು ನೋಡಿದೆ. ಈ ‘ಬೇಕಂತಲೇ’ ಅನ್ನೋದನ್ನ ಬರೆಯೋಕೆ ನನಗೆ ಕಷ್ಟ ಆಗ್ತಿದೆ.

‘ಎಷ್ಟು ಕೊಡ್ತೀಯಪ್ಪ?’ ಅಂದರು.

‘ಎಲ್ಲಾ ಸೇರಿ ಮೂರು ಸಾವಿರ ಕೊಡ್ಲಾ ಆಂಟಿ?’

‘ಅಷ್ಟೊಂದಾ?’ ಅಂದರು.

ನಾನು ನಕ್ಕೆ. ಅಷ್ಟೇ. ಒಂದಕ್ಷರ ಮಾತಾಡಲಿಲ್ಲ. ಕಾಫಿ ಕುಡಿದು, ಫೋನಿನಿಂದ ದುಡ್ಡು ಹಾಕೋಕೆ ಹೋದರೆ ‘ನಂಗೆ ಅದೆಲ್ಲಾ ಬರಲ್ಲ’ ಅಂದರು. ನವರಂಗ್ ಹತ್ತಿರ ಎಟಿಎಂಗೆ ಹೋಗಿ ತಂದು ಕೊಟ್ಟೆ. ಎಟಿಎಂವರೆಗೆ ನಡೆಯೋ ಅಷ್ಟು ಹೊತ್ತು ಮನಸ್ಸು ಬದಲಾಯಿಸೋಕೆ ನನಗೆ ಸಮಯ ಇತ್ತು ಅನ್ನೋದೂ ನಿಜ.

ಆಫೀಸಿನಲ್ಲಿ ಈ ಕಥೆ ಹೇಳಿದಾಗ ಎಲ್ಲರೂ ಮೇಜು ಕುಟ್ಟಿದರು. ‘ಮೂರು ಸಾವಿರಕ್ಕೆ ಒಮೆಗಾ! ಗುರುವೇ!’ ಟೀಮಿಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಮಾತ್ರ ಊಟದ ಡಬ್ಬಿ ಮುಚ್ಚುತ್ತಾ, ‘ಅವರಿಗೆ ಗೊತ್ತಾ?’ ಅಂದಳು. ‘ಏನು?’ ಅಂದೆ. ‘ಅದು ಒಮೆಗಾ ಅಂತ.’ ‘ಡಯಲ್ ಮೇಲೇ ಬರ್ದಿದೆಯಲ್ಲ’ ಅಂದೆ. ಎಲ್ಲರೂ ಇನ್ನೂ ಜೋರಾಗಿ ನಕ್ಕರು.

ರಾತ್ರಿ ನಿದ್ದೆ ಬರಲಿಲ್ಲ ಅಂತೆಲ್ಲ ಬರೆದರೆ ಸುಳ್ಳಾಗುತ್ತೆ. ಚೆನ್ನಾಗೇ ಬಂತು. ಆದರೆ ಆ ಹುಡುಗಿ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಎಲ್ಲೋ ಕೇಳಿದ್ದೀನಲ್ಲ ಅನ್ನಿಸ್ತಿತ್ತು. ಎರಡು ದಿನ ಆದಮೇಲೆ ಬಿಎಂಟಿಸಿ ಬಸ್ಸಲ್ಲಿ ನಿಂತಿದ್ದಾಗ ಹೊಳೀತು: ‘ನೀವು ಕೇಳಿದ್ರಾ ಸಾರ್?’

ಅಲ್ಲಿಂದ ನನ್ನೊಳಗಿನ ವಕೀಲ ಎದ್ದು ಕೂತ. ಅವನ ವಾದಗಳನ್ನ ಮುಚ್ಚಿಡೋದಿಲ್ಲ, ಅವುಗಳಲ್ಲಿ ಕೆಲವು ಗಟ್ಟಿಯಾಗೇ ಇವೆ. ಒಂದು, ನನ್ನ ತಿಳುವಳಿಕೆ ಬಿಟ್ಟಿ ಬಂದದ್ದಲ್ಲ. ವರ್ಷಗಟ್ಟಲೆ ಭಾನುವಾರಗಳನ್ನ ಸುರಿದಿದ್ದೀನಿ, ಪೈಲಟ್‌ನಂಥ ಪೆಟ್ಟುಗಳನ್ನ ತಿಂದಿದ್ದೀನಿ. ಕಲಿತದ್ದಕ್ಕೆ ಪ್ರತಿಫಲವೇ ಇಲ್ಲ ಅಂದ್ರೆ ಯಾರು ಕಲೀತಾರೆ? ಗೊತ್ತಿದ್ದದ್ದನ್ನೆಲ್ಲಾ ಎದುರಿನವರಿಗೆ ಹೇಳಿಯೇ ವ್ಯಾಪಾರ ಮಾಡಬೇಕು ಅಂದ್ರೆ ಷೇರು ಮಾರ್ಕೆಟ್ಟನ್ನೂ ಮುಚ್ಚಬೇಕು, ಸೈಟು ವ್ಯಾಪಾರವನ್ನೂ ಮುಚ್ಚಬೇಕು. ಎರಡು, ನಾನು ಕೊಂಡುಕೊಳ್ಳದಿದ್ದರೆ ಗುಜರಿಯವನು ಇನ್ನೂರು ರೂಪಾಯಿಗೆ ಎತ್ತಿಕೊಂಡು ಹೋಗ್ತಿದ್ದ. ಈ ಎರಡನೇ ವಾದ ನನಗೆ ಬಹಳ ಸಮಾಧಾನ ಕೊಟ್ಟಿತ್ತು. ಆಮೇಲೆ ಗೊತ್ತಾಯಿತು, ಅದರಿಂದ ಗುಜರಿಯವನು ನನಗಿಂತ ಕೆಟ್ಟವನು ಅಂತ ಮಾತ್ರ ಸಾಬೀತಾಗುತ್ತೆ. ಅಷ್ಟಕ್ಕೂ ಅವನಿಗೆ ಒಮೆಗಾ ಗೊತ್ತಿಲ್ಲದೆ ಇರಬಹುದು. ನನಗೆ ಗೊತ್ತಿತ್ತು.

ಇದೇನೂ ಹೊಸ ಪ್ರಶ್ನೆ ಅಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೋ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನನ್ನು ಉದ್ದೇಶಿಸಿ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಬ್ಬ ದವಸದ ವ್ಯಾಪಾರಿ ಬರ್ತಾನೆ. ರೋಡ್ಸ್ ದ್ವೀಪದಲ್ಲಿ ಬರ, ಧಾನ್ಯಕ್ಕೆ ಚಿನ್ನದ ಬೆಲೆ. ಇವನು ಅಲೆಕ್ಸಾಂಡ್ರಿಯಾದಿಂದ ಹಡಗು ತುಂಬ ದವಸ ತಂದಿದ್ದಾನೆ. ಹಿಂದೆಯೇ ಇನ್ನೂ ಎಷ್ಟೋ ಹಡಗು ಬರ್ತಿರೋದನ್ನ ದಾರಿಯಲ್ಲಿ ನೋಡಿದ್ದಾನೆ. ಅದನ್ನ ಊರಿನವರಿಗೆ ಹೇಳಬೇಕಾ, ಅಥವಾ ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬಹುದಾ? ಡಯೋಜಿನಿಸ್ ಅನ್ನೋ ತತ್ವಜ್ಞಾನಿ (ಪೀಪಾಯಿಯಲ್ಲಿ ಮಲಗ್ತಿದ್ದವನಲ್ಲ, ಬ್ಯಾಬಿಲೋನಿನವನು ಬೇರೆ) ಹೇಳ್ತಾನೆ: ಮುಚ್ಚಿಡೋದು ಬೇರೆ, ಹೇಳದೇ ಇರೋದು ಬೇರೆ; ಮಾಲಿನಲ್ಲಿ ದೋಷ ಇಲ್ಲ ಅಂದಮೇಲೆ ಮಾರ್ಕೆಟ್ ಸುದ್ದಿ ಹೇಳೋ ಹಂಗೇನಿಲ್ಲ. ಅವನ ಶಿಷ್ಯ ಆಂಟಿಪೇಟರ್ ಒಪ್ಪಲ್ಲ: ಮನುಷ್ಯ ಮನುಷ್ಯನಿಗೆ ಬಾಧ್ಯಸ್ಥ, ಎಲ್ಲಾ ಹೇಳಬೇಕು. ಸಿಸೆರೋ ಶಿಷ್ಯನ ಕಡೆ.

ನನ್ನೊಳಗಿನ ವಕೀಲ ಇಲ್ಲೂ ಒಂದು ಸಂದಿ ಹುಡುಕಿದ. ಅಲ್ಲಿ ಗೊತ್ತಿದ್ದದ್ದು ಮಾರುವವನಿಗೆ, ಇಲ್ಲಿ ನಾನು ಕೊಳ್ಳುವವನು, ಬೆಲೆ ಹೇಳೋದು ಮಾರುವವರ ಜವಾಬ್ದಾರಿ ತಾನೇ ಅಂದ. ಆದರೆ ಅದೇ ಪುಸ್ತಕದಲ್ಲಿ ಸ್ವಲ್ಪ ಮುಂದೆ ಕ್ವಿಂಟಸ್ ಸ್ಕೀವೋಲ ಅನ್ನೋ ಒಬ್ಬ ಕೊಳ್ಳುವವನೂ ಇದ್ದಾನೆ. ಒಂದು ಜಮೀನಿಗೆ ಒಂದೇ ಮಾತಿನ ಬೆಲೆ ಹೇಳಿ ಅಂತ ಕೇಳ್ತಾನೆ, ಮಾಲೀಕ ಹೇಳ್ತಾನೆ. ಆಗ ಸ್ಕೀವೋಲ, ಇದು ಅದಕ್ಕಿಂತ ಜಾಸ್ತಿ ಬಾಳುತ್ತೆ ಅಂತ ಒಂದು ಲಕ್ಷ ಸೆಸ್ಟರ್ಸ್ ತಾನಾಗೇ ಸೇರಿಸಿ ಕೊಡ್ತಾನೆ. ಅದು ಒಳ್ಳೆಯವನು ಮಾಡೋ ಕೆಲಸ ಅಂತ ಎಲ್ಲರೂ ಒಪ್ತಾರಂತೆ. ಜಾಣ ಮಾಡೋ ಕೆಲಸ ಅಂತ ಮಾತ್ರ ಒಪ್ಪಲ್ವಂತೆ. ಒಳ್ಳೆಯತನವನ್ನೂ ಜಾಣತನವನ್ನೂ ಎರಡು ಮಾಡಿ ನೋಡೋದೇ ಎಲ್ಲಾ ಕೇಡಿಗೂ ಮೂಲ ಅಂತ ಸಿಸೆರೋ ತಲೆ ಚಚ್ಚಿಕೊಳ್ತಾನೆ. ನಮ್ಮ ಆಫೀಸಿನ ಮೇಜು ಕುಟ್ಟಿದ ಸದ್ದು ಎರಡು ಸಾವಿರ ವರ್ಷದಷ್ಟು ಹಳೇದು.

ಲಾ ಓದಿರೋ ನನ್ನ ಗೆಳತಿಯೊಬ್ಬಳಿದ್ದಾಳೆ, ಬಸವೇಶ್ವರನಗರದವಳು. ಹಾವನೂರು ಸರ್ಕಲ್ ಹತ್ತಿರ ದೋಸೆ ತಿನ್ನುತ್ತಾ ಅವಳಿಗೆ ಹೇಳಿದೆ. ಅವಳು ರೋಮನ್ನರನ್ನೆಲ್ಲ ಪಕ್ಕಕ್ಕಿಟ್ಟು 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ತೆಗೆದಳು. ಮೋಸ ಅಂದ್ರೆ ಏನು ಅಂತ ಹೇಳೋ ಸೆಕ್ಷನ್ ಅದು. ಬರೀ ಸುಮ್ಮನಿರೋದು ಮೋಸ ಅಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತೆ. ಕೊನೆಯ ಉದಾಹರಣೆ ನನಗೇ ಬರೆದಂತಿತ್ತು: ಇಬ್ಬರು ವರ್ತಕರು, ಒಬ್ಬನಿಗೆ ಮಾತ್ರ ಬೆಲೆ ಏರಿಳಿತದ ಖಾಸಗಿ ಸುದ್ದಿ ಗೊತ್ತು, ಅವನು ಇನ್ನೊಬ್ಬನಿಗೆ ಹೇಳಬೇಕಾಗಿಲ್ಲ. ‘ನೋಡಿದ್ಯಾ, ನಾನು ಬಚಾವ್’ ಅಂದೆ. ‘ಆಂಟಿ ವರ್ತಕರಾ?’ ಅಂದಳು. ಮೇಲಿನ ಎರಡು ಉದಾಹರಣೆಗಳನ್ನೂ ಓದು ಅಂತ ಫೋನ್ ನನ್ನ ಕಡೆ ತಳ್ಳಿದಳು.

ಎರಡರಲ್ಲೂ ಮಾಲು ಕುದುರೆ. ಒಂದರಲ್ಲಿ ಕೊಳ್ಳುವವಳು ಮಾರುವವನ ಮಗಳೇ, ಈಗಷ್ಟೇ ವಯಸ್ಸಿಗೆ ಬಂದವಳು. ಅಂಥ ಸಂಬಂಧ ಇದ್ದಾಗ ಕುದುರೆಯ ರೋಗ ಹೇಳೋದು ಅಪ್ಪನ ಕರ್ತವ್ಯ ಆಗುತ್ತೆ. ಇನ್ನೊಂದು ಹೀಗಿದೆ: ‘ನೀನು ಇಲ್ಲ ಅನ್ನದಿದ್ರೆ, ಕುದುರೆ ಚೆನ್ನಾಗಿದೆ ಅಂತ ಅಂದ್ಕೋತೀನಿ’ ಅಂತಾನೆ ಕೊಳ್ಳುವವನು. ಮಾರುವವನು ಸುಮ್ಮನಿರ್ತಾನೆ. ಇಲ್ಲಿ ಆ ಮೌನ ಮಾತಿಗೆ ಸಮ ಅನ್ನುತ್ತೆ ಕಾಯ್ದೆ.

‘ಅಷ್ಟೊಂದಾ?’ ಅಂತ ಆಂಟಿ ಕೇಳಿದ್ದು ಇದೇ ತಾನೇ. ಅದು ಉದ್ಗಾರ ಅಲ್ಲ, ಪ್ರಶ್ನೆ. ಅಷ್ಟೊಂದು ಬಾಳುತ್ತಾ ಇದು? ನೀನು ಬಲ್ಲವನು, ಹೇಳು. ನನ್ನ ನಗು ‘ಹೌದು’ ಅಂತ ಉತ್ತರ ಕೊಟ್ಟಿತ್ತು. ಕೋರ್ಟಿನಲ್ಲಿ ಇದು ನಿಲ್ಲುತ್ತೋ ಬಿಡುತ್ತೋ, ಗೆಳತಿಗೂ ಅನುಮಾನ. ಆದರೆ ದೋಸೆ ಮುಂದೆ ಕೂತ ನನಗೆ ಅನುಮಾನ ಉಳಿಯಲಿಲ್ಲ.

ಒಂದು ಮಾತು. ಸಂಡೇ ಬಜಾರಿನ ಟಾರ್ಪಾಲಿನವನ ಬಾಣಲೆಯಲ್ಲಿ ಅದೇ ಒಮೆಗಾ ಸಿಕ್ಕಿದ್ದರೆ, ಅವನು ಇನ್ನೂರು ಅಂದಿದ್ದರೆ, ಇವತ್ತಿಗೂ ನಾನು ಬಾಯಿ ಮುಚ್ಚಿಕೊಂಡು ಇನ್ನೂರು ಕೊಟ್ಟು ಬರ್ತೀನಿ. ಅವನು ಅದೇ ಆಟ ಆಡೋಕೆ ಅಲ್ಲಿ ಕೂತವನು, ನಾನೂ ಅಷ್ಟೇ. ಅವನು ಗೆದ್ದ ದಿನ ನನಗೆ ಪೈಲಟ್ ಸಿಕ್ಕಿತ್ತು. ಸ್ಕೀವೋಲ ಆಗುವಷ್ಟು ದೊಡ್ಡವನಲ್ಲ ನಾನು. ಆದರೆ ಆಂಟಿ ಆಟಕ್ಕೇ ಬಂದಿರಲಿಲ್ಲ. ಭಜನೆ ಗೆಳತಿಯ ಮಗ ಅಂತ ನನ್ನನ್ನ ಕರೆದು ಕಾಫಿ ಕೊಟ್ಟು ಕೇಳಿದ್ದರು. ನಾನೊಬ್ಬನೇ ಆಡಿ ನಾನೊಬ್ಬನೇ ಗೆದ್ದಿದ್ದೆ. ಕಾಂಟ್ ಒಂದು ಪರೀಕ್ಷೆ ಹೇಳ್ತಾನೆ: ಯಾವ ಕೆಲಸದ ಹಿಂದಿನ ಉದ್ದೇಶವನ್ನು ಬಹಿರಂಗ ಮಾಡಿದ ತಕ್ಷಣ ಆ ಕೆಲಸವೇ ನಡೆಯದೆ ಹೋಗುತ್ತೋ, ಅದು ಅನ್ಯಾಯ. ಅವನು ಹೇಳಿದ್ದು ರಾಜ್ಯ ರಾಜ್ಯಗಳ ವಿಷಯದಲ್ಲಿ. ನಾನು ಅದನ್ನ ನಮ್ಮ ಕ್ಯಾಂಟೀನಿಗೆ ಇಳಿಸಿದೆ: ಆಂಟಿ ಆ ಮೇಜಿನಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತಿದ್ದರೆ, ಆ ಕಥೆ ನಾನು ಹೇಳ್ತಿದ್ನಾ?

ಇಷ್ಟೆಲ್ಲಾ ಆದರೂ ವಾಪಸ್ ಹೋಗಲಿಲ್ಲ. ನೈತಿಕ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದಂಗೆ ಅಂತ ನಾವು ಓದಿದವರು ತಿಳ್ಕೊಂಡಿರ್ತೀವಿ. ವಾಚುಗಳನ್ನು ರಿಪೇರಿಗೆ ಕೊಟ್ಟೆ, ಅಷ್ಟೇ.

ವಿಜಯನಗರದ ಮಾರುತಿ ಮಂದಿರದ ಹಿಂದಿನ ಒಂದು ಗಲ್ಲಿಯಲ್ಲಿ ನಾನು ಯಾವಾಗಲೂ ಹೋಗುವ ವಾಚ್ ರಿಪೇರಿ ಅಂಗಡಿ ಇದೆ. ಅಂಗಡಿ ಅಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟ್ಯೂಬ್‌ಲೈಟು. ಎಪ್ಪತ್ತು ದಾಟಿದ ಮೇಷ್ಟ್ರು ಒಬ್ಬರು. ಅವರು ಮೇಷ್ಟ್ರೇನಲ್ಲ, ಆದರೆ ನಾನು ಹಾಗೇ ಕರೆಯೋದು, ಕಲಿಸಿದ್ದು ಅವರೇ. ಒಮೆಗಾದ ಬೆನ್ನು ಬಿಚ್ಚಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಬೆನ್ನಿನ ಮುಚ್ಚಳವನ್ನ ಬೆಳಕಿಗೆ ಹಿಡಿದರು. ‘ಇಲ್ಲಿ ನೋಡು.’ ಒಳಮೈಯಲ್ಲಿ ಸೂಜಿಯಲ್ಲಿ ಗೀಚಿದ ಸಣ್ಣ ಸಣ್ಣ ಗುರುತುಗಳು, ಅಂಕಿಗಳು. ವಾಚು ಬಿಚ್ಚಿದ ಪ್ರತಿ ರಿಪೇರಿಯವನೂ ತನ್ನ ಗುರುತು ಹಾಕಿಡೋದು ಈ ಕಸುಬಿನ ಹಳೇ ರೂಢಿ. ಏಳು ಗುರುತು ಇದ್ದವು. ‘ಏಳು ಸಲ ಸರ್ವೀಸಾಗಿದೆ. ಯಾರೋ ಪ್ರಾಣದ ಥರ ನೋಡ್ಕೊಂಡಿದಾರೆ ಕಣಯ್ಯ’ ಅಂದರು.

‘ಬ್ರೇಕಿಂಗ್ ಬ್ಯಾಡ್’ ಕೊನೆಯ ಎಪಿಸೋಡಿನಲ್ಲಿ ವಾಲ್ಟರ್ ವೈಟ್ ತನ್ನ ಟ್ಯಾಗ್ ಹೋಯರ್ ಮೊನಾಕೊ ಬಿಚ್ಚಿ ಪೇ ಫೋನಿನ ಮೇಲಿಟ್ಟು ಹೋಗ್ತಾನೆ. ಅವನ ಐವತ್ತೊಂದನೇ ಹುಟ್ಟುಹಬ್ಬಕ್ಕೆ ಜೆಸ್ಸಿ ಕೊಟ್ಟ ವಾಚು. ಕಾಲ ಮುಗಿಯಿತು ಅಂತ, ಗೆಳೆಯನ ಋಣ ಹರಿಯಿತು ಅಂತ ಅಭಿಮಾನಿಗಳು ಏನೇನೋ ಅರ್ಥ ಹಚ್ಚಿದರು. ಅಸಲು ಕಾರಣ, ಹಿಂದೆಯೇ ಚಿತ್ರೀಕರಿಸಿದ ಒಂದು ದೃಶ್ಯದಲ್ಲಿ ಅವನ ಕೈಯಲ್ಲಿ ವಾಚು ಇರಲಿಲ್ಲ. ಕಂಟಿನ್ಯುಯಿಟಿ ಸರಿಮಾಡೋಕೆ ಬಿಚ್ಚಿಸಿದ್ದು. ನಮ್ಮ ಮೇಷ್ಟ್ರ ‘ಪ್ರಾಣದ ಥರ’ ಅನ್ನೋದೂ ಹಾಗೇ ಒಂದು ಊಹೆ ಅಂತ ಆಮೇಲೆ ಗೊತ್ತಾಯಿತು. ಆದರೆ ಅವತ್ತು ಅದು ನನ್ನನ್ನ ಚುಚ್ಚಿತು. ಏಳು ಸಲ ಯಾರೋ ಕ್ಯೂ ನಿಂತು ದುಡ್ಡು ಕೊಟ್ಟಿದ್ದನ್ನ ನಾನು ಒಂದು ನಗುವಿಗೆ ತಗೊಂಡು ಬಂದಿದ್ದೆ. ಉಳಿದ ಎಚ್‌ಎಂಟಿಗಳ ಕೆಲಸದ ಬಾಬ್ತು ಮಾತಾಡಿ, ಸುಜಾತಾನ ಅವರ ಕೈಗೇ ಕೊಟ್ಟು, ‘ಇದನ್ನ ಪಾರ್ಟ್ಸಿಗೆ ಇಟ್ಕೊಳ್ಳಿ ಮೇಷ್ಟ್ರೇ’ ಅಂದು ಬಂದೆ. ಹೆಂಗಸರ ವಾಚು ಯಾರೂ ಸಂಗ್ರಹ ಮಾಡಲ್ಲ.

ಮುಂದಿನ ಶನಿವಾರ ಮೂರು ಕಡೆ ಒಮೆಗಾ ತೋರಿಸಿ ರೇಟು ಕೇಳಿದೆ. ನಲವತ್ತೈದು, ಐವತ್ತೆರಡು, ಅರವತ್ತು ಸಾವಿರ. ಚೀಟಿಯಲ್ಲಿ ಬರೆದುಕೊಂಡು ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಆಂಟಿ ಆಗಲೇ ಮಗಳ ಮನೆಗೆ ಬಂದಿದ್ದರು. ಬಾಲ್ಕನಿಯಲ್ಲಿ ಸೊಪ್ಪು ಬಿಡಿಸ್ತಾ ಕೂತಿದ್ದರು. ಎಲ್ಲಾ ಹೇಳಿದೆ. ನನಗೆ ಅವತ್ತೇ ಗೊತ್ತಿತ್ತು ಅಂತಲೂ ಹೇಳಿದೆ, ಅದನ್ನ ಮೆಟ್ರೋದಲ್ಲಿ ಮೂರು ಸಲ ಪ್ರಾಕ್ಟೀಸ್ ಮಾಡಿಕೊಂಡಿದ್ದೆ.

ಬೈತಾರೆ ಅಂದುಕೊಂಡಿದ್ದೆ. ಇಲ್ಲಾ, ‘ನೀನು ಚಿನ್ನದಂಥ ಹುಡುಗ’ ಅಂತಾರೆ ಅಂತ ಒಳಗೊಳಗೇ ಆಸೆ ಇತ್ತು. ಎರಡೂ ಆಗಲಿಲ್ಲ.

‘ಗೊತ್ತು ಬಿಡು, ಬೆಲೆ ಬಾಳುತ್ತೆ ಅಂತ’ ಅಂದರು.

‘ಮತ್ತೆ ಅಷ್ಟೊಂದಾ ಅಂದ್ರಲ್ಲ?’

‘ಮಿಕ್ಕಿದ್ದಕ್ಕೆ ಅಂದೆ. ಅದೊಂದು ಮನೆಯಿಂದ ಹೋದರೆ ಸಾಕಿತ್ತು ನಂಗೆ.’

ಅವರ ಮದುವೆ 1968ರಲ್ಲಿ. ಅವರಪ್ಪ ಮಾಗಡಿ ಕಡೆಯ ರೈತ. ವರೋಪಚಾರಕ್ಕೆ ಎಚ್‌ಎಂಟಿ ವಾಚು ಕೊಡ್ತೀವಿ ಅಂತ ಮಾತಾಗಿತ್ತಂತೆ. ಲಗ್ನಪತ್ರಿಕೆ ದಿನ ಗಂಡಿನ ಕಡೆಯವರು, ‘ಎಚ್‌ಎಂಟಿ ಎಲ್ಲರೂ ಕಟ್ತಾರೆ, ಫಾರಿನ್ ವಾಚೇ ಆಗಬೇಕು’ ಅಂದರು. ಅವರಪ್ಪ ಯಾರ ಕೈಲೋ ಮದ್ರಾಸಿನಿಂದ ತರಿಸಿದರು. ಮದುವೆ ಖರ್ಚಿಗೆ ಅಡ ಇಟ್ಟ ಎರಡು ಎಕರೆ ಬಿಡಿಸಿಕೊಳ್ಳೋಕೆ ಒಂಬತ್ತು ವರ್ಷ ಹಿಡೀತು. ‘ಇವರು ದಿನಾ ಬೆಳಿಗ್ಗೆ ಅದಕ್ಕೆ ಕೀ ಕೊಡೋರು. ಕೆಟ್ಟ ಮನುಷ್ಯ ಏನಲ್ಲ. ಆದ್ರೆ ಕೀ ಕೊಡೋ ಸದ್ದು ಕೇಳಿದ್ರೆ ನಂಗೆ ನಮ್ಮಪ್ಪನ ಮುಖ ಕಣ್ಣಿಗೆ ಬರೋದು. ಐವತ್ತು ವರ್ಷ ಕೇಳಿದೀನಿ.’

ಜಾಲಹಳ್ಳಿಯಲ್ಲಿ ಎಲ್ಲರ ಕೈಗೂ ಒಂದು ವಾಚು ಅಂತ ಶುರುವಾದ ಅದೇ 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆಯೂ ಜಾರಿಗೆ ಬಂದಿತ್ತು. ವಾಚು, ಸೈಕಲ್ಲು, ರೇಡಿಯೋ ಅನ್ನೋ ಮೂರು ಮಾತ್ರ ಕಾಯ್ದೆಯ ಕಣ್ಣಿಗೆ ಬೀಳಲೇ ಇಲ್ಲ. ಅರವತ್ತು ಎಪ್ಪತ್ತರ ದಶಕದ್ದು ಅಂತ ನಾವು ಹಿಗ್ಗಿ ಹಿಗ್ಗಿ ತೋರಿಸುವ ವಾಚುಗಳಲ್ಲಿ ಎಷ್ಟು ಯಾರಪ್ಪನ ಸಾಲದ ಮೇಲೆ ನಡೆದವೋ. ಡಯಲ್ ಒರಿಜಿನಲ್ಲಾ ಅಂತ ಕೇಳ್ತೀವಿ, ಪೆಟ್ಟಿಗೆ ಇದೆಯಾ ಪೇಪರ್ ಇದೆಯಾ ಅಂತ ಕೇಳ್ತೀವಿ. ಯಾವ ಸಂದರ್ಭಕ್ಕೆ ತಗೊಂಡಿದ್ದು, ಯಾರು ದುಡ್ಡು ಕೊಟ್ಟದ್ದು ಅಂತ ನಾನಂತೂ ಒಂದು ಸಲವೂ ಕೇಳಿರಲಿಲ್ಲ. ಏಳು ಗುರುತು ನೋಡಿ ಪ್ರೀತಿ ಅಂದುಕೊಂಡಿದ್ದೆವು ನಾನೂ ಮೇಷ್ಟ್ರೂ.

ಐವತ್ತೆರಡು ಸಾವಿರ ಕೊಡ್ತೀನಿ, ಮೂರು ಕಂತಲ್ಲಿ ಅಂದೆ. ಬೇಡ ಅನ್ನಲಿಲ್ಲ ಅವರು. ಸಿನಿಮಾದಲ್ಲಾದರೆ ಬೇಡ ಅಂತಿದ್ದರು. ‘ಅರವತ್ತು ಅಂದೋರು ಯಾರು?’ ಅಂದರು. ಅರವತ್ತಕ್ಕೆ ಒಪ್ಪಿದೆ. ಮೊದಲಿನ ಮೂರು ಸಾವಿರ ಕಳೆಯೋಣ್ವಾ ಅಂತ ನಾನೂ ಕೇಳಿದೆ. ‘ಅದು ಮಿಕ್ಕಿದ್ದಕ್ಕೆ’ ಅಂದರು. ಅಷ್ಟು ಚೊಕ್ಕವಾಗಿ ವ್ಯಾಪಾರ ಮಾಡೋ ಹೆಂಗಸನ್ನ ಪಾಪ ಏನೂ ಗೊತ್ತಿಲ್ಲದವರು ಅಂತ ಅಷ್ಟೂ ವಾರ ನಾನು ಮರುಕಪಟ್ಟಿದ್ದೆ. ಅದೂ ಒಂಥರಾ ಅವಮಾನವೇ, ಅವರಿಗೆ.

ಇದರಿಂದ ನನ್ನ ಆ ದಿನದ ನಗು ನಿರಪರಾಧಿ ಆಗಲ್ಲ. ಅವರಿಗೆ ಗೊತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲವಲ್ಲ. ಸರಿಯಾದ ಬೆಲೆ ಕೊಟ್ಟಮೇಲೆ ಇನ್ನೊಂದೂ ಆಯಿತು: ಒಮೆಗಾ ಮೇಲಿನ ಆಸೆ ಅರ್ಧ ಇಳಿದುಹೋಯಿತು. ಅರವತ್ತು ಸಾವಿರಕ್ಕೆ ಅರವತ್ತು ಸಾವಿರದ ವಾಚು. ಹೇಳಿಕೊಳ್ಳೋಕೆ ಏನಿದೆ ಅದರಲ್ಲಿ? ನಾನು ಇಷ್ಟು ದಿನ ಪ್ರೀತಿಸಿದ್ದು ವಾಚನ್ನೋ, ಎದುರಿನವರಿಗೆ ಗೊತ್ತಿಲ್ಲ ಅನ್ನೋದನ್ನೋ ಅಂತ ಮೊದಲ ಸಲ ಅನುಮಾನ ಬಂತು. ಈಗಲೂ ಅದನ್ನ ಕಟ್ಟಿಕೊಂಡಾಗ, ಸತ್ತ ಮನುಷ್ಯನ ಹೆಸರು ಹೊತ್ತುಕೊಂಡ ಆ ನ್ಯೂಯಾರ್ಕಿನವನು ನೆನಪಾಗ್ತಾನೆ. ಆದರೂ ಕಟ್ತೀನಿ. ಮೂರನೇ ಕಂತು ಇನ್ನೂ ಬಾಕಿ ಇದೆ.

ಅವತ್ತು ಹೊರಡೋಕೆ ಎದ್ದಾಗ ಆಂಟಿ ಕೇಳಿದರು: ‘ಒಂದು ಚಿಕ್ಕದಿತ್ತಲ್ಲ, ಹೆಂಗಸರದ್ದು? ಅದು ಇದ್ಯಾ ನಿನ್ನ ಹತ್ರ? ಅದು ನಂದು. ಹೊಲಿಗೆ ಹಾಕಿ, ಚೀಟಿ ಎತ್ತಿ ತಗೊಂಡಿದ್ದು. ಡಬ್ಬೀಲಿ ಹೋಯ್ತು ಅಂತ ಇಲ್ಲಿಗೆ ಬಂದ್ಮೇಲೆ ನೆನಪಾಯ್ತು.’

ಇದೆ ಅಂದೆ. ಮೆಟ್ರೋ ಇಳಿದವನು ಮನೆಗೆ ಹೋಗದೆ ಸೀದಾ ಗಲ್ಲಿಗೆ ಓಡಿದೆ. ಡಯಲು, ಮುಳ್ಳು, ಕೇಸು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದವು. ಒಳಗಿನ ಮಷೀನು ಹೋಗಿತ್ತು, ಯಾರೋ ಗಿರಾಕಿಯ ವಾಚಿಗೆ ಕೂರಿಸಿ ಕಳಿಸಿದ್ದರು. ‘ನೀನೇ ತಾನೇ ಪಾರ್ಟ್ಸಿಗೆ ಅಂದಿದ್ದು’ ಅಂದರು ಮೇಷ್ಟ್ರು. ಹದಿನೈದು ದಿನ ಹುಡುಕಿ, ಬೇರೆ ಒಂದು ಸುಜಾತದ ಮಷೀನು ತಂದು ಹಾಕಿ, ಹೊಸ ಸ್ಟ್ರಾಪು ಕಟ್ಟಿ ಕೊಟ್ಟರು. ಮೇಲಿನಿಂದ ನೋಡಿದರೆ ಸಾಕ್ಷಾತ್ ಅದೇ ವಾಚು. ಬ್ರಹ್ಮನಿಗೂ ಗೊತ್ತಾಗಲ್ಲ. ಮೇಷ್ಟ್ರು ದುಡ್ಡು ತಗೊಳ್ಳುತ್ತಾ, ‘ಹೇಳೋಕೆ ಹೋಗ್ಬೇಡ, ಸುಮ್ನೆ ಕೊಡು. ವಯಸ್ಸಾದೋರು, ಬೇಜಾರು ಮಾಡ್ಕೋತಾರೆ’ ಅಂದರು. ಆ ಮಾತಿನಲ್ಲಿ ಕರುಣೆಯೇ ಇತ್ತು, ಇಲ್ಲ ಅನ್ನೋಕಾಗಲ್ಲ.

ಕೆಂಗೇರಿಯಲ್ಲಿ ಬಾಗಿಲು ತೆಗೆದ ತಕ್ಷಣ, ಚಪ್ಪಲಿ ಬಿಡೋದಕ್ಕೂ ಮುಂಚೆ ಹೇಳಿಬಿಟ್ಟೆ. ಒಳಗಿನದು ನಿಮ್ಮದಲ್ಲ ಆಂಟಿ, ಮೇಲಿನದು ಮಾತ್ರ ನಿಮ್ಮದು, ತಪ್ಪು ನನ್ನದು ಅಂತ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕನ್ನಡಕ ತಂದು ಹಾಕಿಕೊಂಡು ಡಯಲ್ ನೋಡಿದರು, ಹೆಬ್ಬೆರಳಲ್ಲಿ ಗಾಜು ಒರೆಸಿದರು. ಕೀ ಕೊಟ್ಟರು. ಕಿವಿಗೆ ಹಿಡಿದರು.

‘ಟೈಮ್ ಸರಿ ತೋರಿಸುತ್ತಾ?’

‘ದಿನಕ್ಕೆ ಎರಡು ನಿಮಿಷ ಮುಂದೆ ಹೋಗುತ್ತೆ.’

‘ಹೋಗ್ಲಿ ಬಿಡು, ನಾನೇನು ಬಸ್ ಹಿಡೀಬೇಕಾ’ ಅಂದು, ಸ್ಟ್ರಾಪಿನ ತೂತಿಗೆ ಕೊಕ್ಕೆ ಸಿಕ್ಕಿಸೋಕೆ ಕೈ ನನ್ನ ಮುಂದೆ ಚಾಚಿದರು.